ಬಟ್ಟಲಿನ ಅಂಚು

ತಾಯಿತ ಹುಡುಕುವುದರಲ್ಲಿ ಉಪದೇಶಿ ದಾನಿಯೇಲಪ್ಪನನ್ನು ಮೀರಿಸುವವರು ಯಲಬುರ್ಗಾ ಸೀಮೆಯಲ್ಲಿ ಯಾರೂ ಇರಲಿಲ್ಲ. ಕೂಸಿನ ಉಡಿದಾರದಲ್ಲಿ ಒಂದು ಗಂಟು ಹೆಚ್ಚಿಗೆ ಬಿದ್ದಿದ್ದರೂ, ಬಾಣಂತಿಯ ತಲೆದಿಂಬಿನ ಕೆಳಗೆ ದರ್ಗಾದ ಬೂದಿ ಇದ್ದರೂ ಅವನ ಮೂಗಿಗೆ ವಾಸನೆ ಬಡಿಯುತ್ತಿತ್ತು. ಚಿಕ್ಕಬೇವಿನಾಳದ ಕ್ರೈಸ್ತ ಸಭೆಗೆ ಅವನೇ ಕಾವಲುಗಾರ. ಪಾದ್ರಿಗಳು ಮೂರು ತಿಂಗಳಿಗೊಮ್ಮೆ ಪಟ್ಟಣದಿಂದ ಎತ್ತಿನ ಗಾಡಿಯಲ್ಲಿ ಬಂದು ಕರ್ತನ ಭೋಜನ ಕೊಟ್ಟು ಹೋಗುವರು. ಆ ರೊಟ್ಟಿಯ ಚೂರು, ಆ ಬಟ್ಟಲಿನ ಗುಟುಕು ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂದು ಮೊದಲೇ ಸೋಸಿ ಇಡುವುದು ಉಪದೇಶಿಯ ಕೆಲಸ. ಆ ಕೆಲಸದಲ್ಲಿ ಅವನಿಗೆ ಬಹಳ ರುಚಿ. ಹಿಂದಿನ ಕಾಲದ ಸಭೆಗೆ ನುಗ್ಗಿದ ಕಳ್ಳಬೋಧಕರ ಹೆಸರುಗಳನ್ನು ತರಬೇತಿ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ. ಕ್ರಿಸ್ತನ ಮೈ ಬರೀ ನೆರಳು ಎಂದವನು ಒಬ್ಬ, ಮಗ ತಂದೆಗಿಂತ ಕಡಿಮೆ ಎಂದವನು ಇನ್ನೊಬ್ಬ. ಸಾವಿರಾರು ವರ್ಷದ ಹಿಂದೆ ಸತ್ತುಹೋದ ಅವರನ್ನು, ನಿನ್ನೆ ತನ್ನ ಬಣವೆಗೆ ಬೆಂಕಿ ಇಟ್ಟವರೇನೋ ಎಂಬಂತೆ ಬೈಯುತ್ತಿದ್ದ.

ಇಷ್ಟು ಕಟ್ಟುನಿಟ್ಟಿನ ಮನುಷ್ಯನ ಹೆಂಡತಿಯ ಹೆಸರು ಮಾತ್ರ ಫಕೀರಮ್ಮ. ದರ್ಗಾದ ಹರಕೆಯಿಂದ ಹುಟ್ಟಿದವಳು. ದೀಕ್ಷಾಸ್ನಾನದಲ್ಲಿ ಸಾರಮ್ಮ ಎಂದು ಇಟ್ಟಿದ್ದರು. ಆ ಹೆಸರಿಗೆ ಓಗೊಡುವುದು ಅವಳಿಗೇ ರೂಢಿಯಾಗಲಿಲ್ಲ.

ಈ ಇಬ್ಬರಿಗೆ ಒಬ್ಬನೇ ಮಗ, ಮೋಶಪ್ಪ. ಯಲಬುರ್ಗಾದಲ್ಲಿ ಗೌಂಡಿ ಕೆಲಸ ಮಾಡಿಕೊಂಡು ವಾರಕ್ಕೊಮ್ಮೆ ಮನೆಗೆ ಬರುವವನು. ಅವನಿಗೆ ಪಾದ್ರಿಗಳೇ ಮುಂದೆ ನಿಂತು ಕುಷ್ಟಗಿ ಕಡೆಯ ರೂತಮ್ಮನನ್ನು ತಂದು ಮದುವೆ ಮಾಡಿಸಿದ್ದರು. ದಾನಿಯೇಲಪ್ಪ ಮೇಲಿನ ಕೇರಿಯವನು, ಅವನ ಹಿರಿಯರು ಹೊಲದ ಕೂಲಿಗಳು. ರೂತಮ್ಮನ ಅಪ್ಪ ಚರ್ಮ ಹದ ಮಾಡುವ ಕೆಳಗಿನ ಕೇರಿಯವನು. ಮದುವೆಯ ದಿನ ದಾನಿಯೇಲಪ್ಪ ಕಣ್ಣಲ್ಲಿ ನೀರು ತಂದುಕೊಂಡು, ಕ್ರಿಸ್ತನಲ್ಲಿ ಮೇಲಿನ ಕೇರಿಯಿಲ್ಲ, ಕೆಳಗಿನ ಕೇರಿಯಿಲ್ಲ ಎಂದು ಪ್ರಸಂಗ ಮಾಡಿದ. ಪಾದ್ರಿಗಳು ಮೆಚ್ಚಿ ಬೆನ್ನು ತಟ್ಟಿದರು. ಮರುದಿನ ಫಕೀರಮ್ಮ ಸೊಸೆಗೆ ಒಂದು ತಂಬಿಗೆ, ಒಂದು ಗಂಗಾಳ ಕೊಟ್ಟು, ತೊಳೆದು ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕಬೇಕೆಂದು ತೋರಿಸಿದಳು.

ಅಲ್ಲಿಂದ ಒಂದು ವರ್ಷ ಆ ಮನೆ ನಡೆದ ರೀತಿ ನೆನೆಸಿಕೊಂಡರೆ ಹೇಸಿಗೆ ಬರುತ್ತದೆ. ರೂತಮ್ಮ ಜೋಳ ಬೀಸಬಹುದು, ಹಿಟ್ಟು ನಾದಬಾರದು. ಒಣ ಹಿಟ್ಟಿಗೆ ಮೈಲಿಗೆಯಿಲ್ಲವಂತೆ, ನೀರು ತಾಗಿದರೆ ಉಂಟಂತೆ. ಕಸ, ಸಗಣಿ, ಬಟ್ಟೆ ಎಲ್ಲ ಅವಳದು. ಅತ್ತೆಯ ಒಲೆ, ಅತ್ತೆಯ ಕೊಡ ಮುಟ್ಟುವ ಹಾಗಿಲ್ಲ. ನೀರಡಿಸಿದರೆ ತಂಬಿಗೆ ಹಿಡಿದು ಅಡಿಗೆಮನೆಯ ಹೊಸ್ತಿಲಾಚೆ ನಿಲ್ಲಬೇಕು, ಫಕೀರಮ್ಮ ಮೊಳದೆತ್ತರದಿಂದ ಸುರಿಯುವಳು. ಹಾಗೆ ಸುರಿಯುವುದನ್ನು ಅವಳು ಕಲಿತದ್ದು ಗೌಡರ ಬಾವಿಯಲ್ಲಿ. ದಿನಾ ಬೆಳಿಗ್ಗೆ ಅವಳೂ ಕೊಡ ಹಿಡಿದು ಆ ಬಾವಿಯ ಕೆಳಗೆ ನಿಲ್ಲುತ್ತಿದ್ದಳು. ಮೇಲಿನಿಂದ ಯಾರಾದರೂ ಸುರಿದರೆ ಉಂಟು, ಇಲ್ಲವಾದರೆ ಬಿಸಿಲೇರುವ ತನಕ ಕಾಯುವುದು.

ಮನೆಯಲ್ಲಿ ಇನ್ನೊಂದು ಜೀವವಿತ್ತು. ದಾನಿಯೇಲಪ್ಪನ ತಾಯಿ ಮುದುಕಮ್ಮ. ಆ ಊರಲ್ಲಿ ಮೊದಲು ದೀಕ್ಷಾಸ್ನಾನ ಪಡೆದವಳು. ಈಗ ಹಲ್ಲಿಲ್ಲ, ಕೈ ನಡುಗುತ್ತದೆ, ಬಾಯಿಂದ ಜೊಲ್ಲು ಇಳಿಯುತ್ತದೆ. ಆ ಜೊಲ್ಲು ಒರೆಸುವುದು ಫಕೀರಮ್ಮನಿಗೆ ಅಸಹ್ಯ. ಆದ್ದರಿಂದ ಮುದುಕಿಗೆ ಉಣಿಸುವ ಕೆಲಸವೂ ರೂತಮ್ಮನ ಪಾಲಿಗೆ ಬಂತು. ಸೊಸೆಯ ಕೈಯಿಂದ ಉಂಡಳೆಂದು ಮುದುಕಿಯ ಗಂಗಾಳವೂ ಹಿತ್ತಲ ಕಟ್ಟೆ ಸೇರಿತು.

ಸುಗ್ಗಿ ಮುಗಿದ ಹೊತ್ತು. ರೂತಮ್ಮನಿಗೆ ಏಳು ತಿಂಗಳು. ಪಾದ್ರಿಗಳು ಬರುವ ಭಾನುವಾರಕ್ಕೆ ಅಂತಿಯೋಕ್ಯದ ಜಗಳದ ಮೇಲೆ ಪ್ರಸಂಗ ಮಾಡಬೇಕೆಂದು ದಾನಿಯೇಲಪ್ಪನಿಗೆ ಅಪ್ಪಣೆಯಾಗಿತ್ತು. ರೊಟ್ಟಿ, ಪುಂಡಿಪಲ್ಯದ ಮುಂದೆ ಕೂತು ಅದನ್ನೇ ರೂಢಿ ಮಾಡುತ್ತಿದ್ದ.

"ಕೇಳು ಯವ್ವ. ಪೇತ್ರ ಅಂತಿಯೋಕ್ಯದಾಗ ಅನ್ಯಜಾತಿ ವಿಶ್ವಾಸಿಗಳ ಜೋಡಿ ಕೂತು ಉಣ್ತಿದ್ದ. ಯೆರೂಸಲೇಮಿಂದ ತನ್ನ ಮಂದಿ ಬಂದ್ರು ನೋಡು, ಅಂಜಿ ಗಂಗಾಳ ಬಿಟ್ಟು ಎದ್ದ. ಪೌಲ ಸುಮ್ಮನ ಬಿಟ್ಟಾನೇನು? ಎಲ್ಲಾರ ಮುಂದ ಮಾರಿಗೆ ಹೇಳಿದ. ಅಂವ ಎದ್ದದ್ದು ಉಪದೇಶಕ್ಕ ದ್ರೋಹ. ಥೂ, ಅಂಥಾ ದೊಡ್ಡ ಅಪೊಸ್ತಲ, ಮಂದಿಗೆ ಅಂಜಿ ಉಣ್ಣೋದು ಬಿಟ್ಟ."

ಮುದುಕಮ್ಮ ರೂತಮ್ಮನ ಕೈಯಿಂದ ನುಚ್ಚು ನುಂಗುತ್ತ ಕೇಳಿದಳು. "ಅಂತಿಯೋಕ್ಯ ಎಲ್ಲಿ ಬರ್ತೈತೋ? ಗದಗದಾಚೆ ಏನು?"

ದಾನಿಯೇಲಪ್ಪ ನಕ್ಕ. "ಗದಗ ಅಲ್ಲಬೇ. ಸಮುದ್ರದಾಚೆ. ಭಾಳ ದೂರ."

"ಅತ್ತಿ, ನೀರು," ಎಂದಳು ರೂತಮ್ಮ, ತಂಬಿಗೆ ಹಿಡಿದು ಹೊಸ್ತಿಲಾಚೆ ನಿಂತು. ಫಕೀರಮ್ಮ ಎತ್ತರದಿಂದ ಸುರಿದಳು. ಅರ್ಧ ನೀರು ನೆಲಕ್ಕೆ ಬಿತ್ತು.

"ಮಾವ, ಇದೂ ಹೇಳ್ರಲಾ ನಿಮ್ಮ ಪ್ರಸಂಗದಾಗ," ಎಂದಳು ರೂತಮ್ಮ.

"ಅಡಗಿಮನಿ ಹೆಂಗಸರ ರೂಢಿ ಬ್ಯಾರೆ, ಉಪದೇಶ ಬ್ಯಾರೆ," ಎಂದು ದಾನಿಯೇಲಪ್ಪ ರೊಟ್ಟಿ ಮುರಿದ. "ಕಲಸಬಾರದು."

ಅದೇ ವಾರ ಮೇಲಿನ ಕೇರಿಯ ಹಿರಿಯ ಅಂದಪ್ಪ ಬಂದು ಕಟ್ಟೆಯ ಮೇಲೆ ಕೂತ. ಪ್ರಾರ್ಥನೆ ಮನೆಯ ಜಾಗ ಅವನ ಅಪ್ಪ ಕೊಟ್ಟದ್ದು, ಅದನ್ನು ನೆನಪಿಸದೆ ಅವನು ಎಲೆಯಡಿಕೆ ಕೂಡ ಹಾಕುತ್ತಿರಲಿಲ್ಲ. ಊರ ಕೆಳಗಿನ ಕೇರಿಯಿಂದ ಕಳಕಪ್ಪನ ಮಂದಿ ಹಿಂದಿನ ವರ್ಷ ದೀಕ್ಷಾಸ್ನಾನ ಪಡೆದು, ಈ ಸಲ ಮೊದಲ ಬಾರಿಗೆ ಬಟ್ಟಲಿಗೆ ಬರುವವರಿದ್ದರು.

"ಉಪದೇಶಿಗಳ, ಅವರು ಸಭಿಗೆ ಬರಲಿ, ಹಾಡು ಹಾಡಲಿ, ನಾವು ಬ್ಯಾಡಂದಿಲ್ಲ," ಎಂದ ಅಂದಪ್ಪ. "ಅವರ ಎಂಜಲ ಬಟ್ಲಕ್ಕ ಮಾತ್ರ ನಾವು ಬಾಯಿ ಹಚ್ಚಂಗಿಲ್ಲ ನೋಡ್ರಿ."

"ಬಟ್ಲ ಒಂದ ಇರಬೇಕು ಅಂದಪ್ಪ. ಅದು ಉಪದೇಶ ಐತಿ."

"ಹಂಗಂದ್ರ ನಾವು ಮನ್ಯಾಗ ಪ್ರಾರ್ಥನಿ ಮಾಡಿಕೋತೀವಿ. ಜಾಗಾ ನಮ್ಮಪ್ಪಂದು, ಅದೂ ಖಬರ ಇರಲಿ." ಅಂದಪ್ಪ ದನಿ ತಗ್ಗಿಸಿದ. "ಅದಕ್ಕ ಯಾಕ್ರಿ ಹೋಗೂದು? ಬೆಳ್ಳಿ ಬಣ್ಣದ ಬಟ್ಲ ನಮಗಿರಲಿ. ಹೊಸಾದೊಂದು ಹಿತ್ತಾಳಿದು ಅವರಿಗೆ ತರ್ರಿ. ಒಳಗಿನ ರಸ ಒಂದ ಅಲ್ಲೇನು? ನೀವ ಹೇಳ್ರಿ, ಕಲ್ತಾವ್ರು."

ಕಲಿತವರು ಗಡ್ಡ ಕೆರೆದುಕೊಂಡರು. ಕೂಸಿನ ಉಡಿದಾರ ಹರಿಯುವಾಗ ಒಂದು ಗಳಿಗೆ ಯೋಚಿಸದ ಮನುಷ್ಯ ಈಗ ಬಹಳ ಹೊತ್ತು ಯೋಚಿಸಿದ. "ರಸ ಒಂದ ಅಂದ ಮ್ಯಾಲೆ ಉಪದೇಶಕ್ಕೇನೂ ಧಕ್ಕಿ ಇಲ್ಲ ಬಿಡು," ಎಂದ.

ಅಂದಪ್ಪ ಹೋದ ಮೇಲೆ ರೂತಮ್ಮ ಅಂಗಳದಿಂದ ಕಸಬರಿಗೆ ಹಿಡಿದೇ ಬಂದಳು.

"ಮಾವ, ನಂಗೊಂದು ಹೇಳ್ರಿ. ನನ್ನ ಹೊಟ್ಟ್ಯಾಗಿನ ಕೂಸಿಗಿ ಯಾವ ಬಟ್ಲ?"

"ಅದಿನ್ನೂ ಹುಟ್ಟೇ ಇಲ್ಲಲ್ಲ, ಈಗ್ಯಾಕ ಆ ಮಾತು?"

"ಹುಟ್ಟತೈತಲ್ರಿ. ಅಪ್ಪನ ಕಡಿಯಿಂದ ಬೆಳ್ಳಿದೋ, ಅವ್ವನ ಕಡಿಯಿಂದ ಹಿತ್ತಾಳಿದೋ? ನಿಮ್ಮ ಬಾಯಿಲೆ ಹೇಳ್ರಿ."

"ಬಾಯಿ ಭಾಳಾತು ನಿಂದು," ಎಂದಳು ಒಳಗಿನಿಂದ ಫಕೀರಮ್ಮ. "ಗಂಡಸರ ವ್ಯವಹಾರದಾಗ ಹೆಂಗಸಿಗೇನು ಕೆಲಸ?"

"ಗೌಡರ ಬಾವಿ ಮ್ಯಾಲೆ ನಿಮಗೂ ಹಿಂಗ ಸುರೀತಾರಲ್ಲತ್ತಿ. ಅವಾಗ ಹೆಂಗನಸತೈತಿ ನಿಮಗ?"

ಅಂದು ಸಂಜೆ ಸೊಸೆಯ ಗಂಗಾಳಕ್ಕೆ ತಂಗಳ ರೊಟ್ಟಿ ಬಿತ್ತು, ಪಲ್ಯ ಬೀಳಲಿಲ್ಲ. ಮುದುಕಮ್ಮ ತನ್ನ ನುಚ್ಚನ್ನು ಅವಳ ಕಡೆ ಸರಿಸಿದಳು.

"ನಾ ದೀಕ್ಷಾ ತಗೊಂಡಾಗ ಇದ್ದದ್ದ ಒಂದು ಪರಾತ," ಎಂದಳು ಮುದುಕಿ. "ಮ್ಯಾಲಿನವ್ರು, ಕೆಳಗಿನವ್ರು ಸುತ್ತ ಕೂತು ಕೈ ಹಾಕಿ ಉಣ್ತಿದ್ವಿ. ಮೊದಲಿನ ಪಾದ್ರಿನೂ ಅದರಾಗ ಉಣ್ತಿದ್ದ. ಆಮ್ಯಾಲೆ ಮಂದಿಗೆ ಒಂದೊಂದು ಗಂಗಾಳ ಕೊಳ್ಳೂವಷ್ಟು ಬರಕತ್ತಾತು. ಅಲ್ಲಿಂದ ಕೆಟ್ಟಿತು, ಕೆಳಗಿನವ್ರು ಸಭಿ ಬಿಟ್ಟು ಹೋದ್ರು."

ಶನಿವಾರ ಮೋಶಪ್ಪ ಬಂದ. ಕೈಕಾಲು ಸುಣ್ಣದಿಂದ ಬಿರಿದಿದ್ದವು. ರೂತಮ್ಮ ಅವನಿಗೂ ಅದೇ ಪ್ರಶ್ನೆ ಕೇಳಿದಳು.

"ಅಪ್ಪ ಏನ್ಮಾಡಿದ್ರೂ ತಿಳದ ಮಾಡ್ಯಾನ," ಎಂದ ಮೋಶಪ್ಪ.

"ನೀವೇನಂತೀರಿ?"

"ನನಗೇನು ತಿಳೀತೈತಿ, ಗಾರೆ ಕಲಸೋನಿಗೆ?"

"ಗಾರೆ ಕಲಸೋವಾಗ ನೀರು, ಸುಣ್ಣ ಬ್ಯಾರೆ ಬ್ಯಾರೆ ಇಟ್ರ ಗ್ವಾಡಿ ನಿಲ್ಲತೈತೇನು?"

ಮೋಶಪ್ಪ ಮೈ ತೊಳೆಯಲು ಹೋದ. ಒಳ್ಳೆಯವನು ಎಂದು ಊರೆಲ್ಲ ಅವನನ್ನು ಹೊಗಳುತ್ತಿತ್ತು. ಒಳ್ಳೆಯವನೆಂದರೆ ಯಾರಿಗೂ ಎದುರಾಡದವನು ಎಂದೇ ನಮ್ಮ ಕಡೆ ಅರ್ಥ, ಅಂಥವರ ಹೆಂಡಂದಿರ ಪಾಡು ದೇವರಿಗೇ ಪ್ರೀತಿ.

ಆ ಶನಿವಾರದ, ಅಂದರೆ ಪಾದ್ರಿಗಳು ಬರುವ ಹಿಂದಿನ ದಿನದ ಸಂಗತಿ ಬರೆಯಲು ಕೈ ಬರುವುದಿಲ್ಲ, ಆದರೆ ಬರೆಯದೆ ಬಿಡುವುದು ಹೇಗೆ? ಈ ಸೀಮೆಯಲ್ಲಿ ಕರ್ತನ ಭೋಜನಕ್ಕೆ ಹೆಂಡ ಬಳಸುವುದಿಲ್ಲ. ಒಣದ್ರಾಕ್ಷಿ ನೆನೆಹಾಕಿ, ಕೈಯಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿದ ನೀರೇ ಆ ರಸ. ಅದನ್ನು ಮಾಡುವುದು ಯಾವತ್ತೂ ಫಕೀರಮ್ಮ. ಆ ವಾರ ಅವಳ ಬಲಗೈ ಬೆರಳಿಗೆ ಉಗುರುಸುತ್ತು ಎದ್ದಿತ್ತು. ಬೆರಳು ಬದನೆಕಾಯಿಯಂತೆ ಊದಿತ್ತು, ನಿಂಬೆಹಣ್ಣಿಗೆ ತೂತು ಮಾಡಿ ಟೊಪ್ಪಿಗೆಯಂತೆ ಸಿಗಿಸಿಕೊಂಡಿದ್ದಳು. ನಿಂಬೆಹಣ್ಣು ತೆಗೆದರೆ ಉಗುರಿನ ಬುಡದಿಂದ ಹಳದಿ ಕೀವು ಜಿನುಗುತ್ತಿತ್ತು.

"ಅತ್ತಿ, ನಾ ಕಿವುಚತೀನಿ," ಎಂದಳು ರೂತಮ್ಮ ಹೊಸ್ತಿಲಾಚೆಯಿಂದ. "ನನ್ನ ಕೈ ನೋಡ್ರಿ, ಬೂದಿ ಹಚ್ಚಿ ತೊಳಕೊಂಡೀನಿ."

"ದೂರ ನಿಲ್ಲು," ಎಂದಳು ಫಕೀರಮ್ಮ.

"ಬೆರಳಿಂದ ಕೀವು ಬರಾಕ್ಹತ್ತೈತ್ರಿ. ಮಂದಿ ಕುಡಿಯೋದು ಅದು."

"ನನ್ನ ಕೀವು ನನ್ನ ಮಂದಿಗೆ ಹೇಸಿಗಿ ಅಲ್ಲ."

"ಮಾವ, ನೀವಾದ್ರೂ ಹೇಳ್ರಿ," ಎಂದಳು ರೂತಮ್ಮ.

ದಾನಿಯೇಲಪ್ಪ ಬಾಗಿಲಿಗೆ ಬಂದು, ಹೆಂಡತಿಯ ಬೆರಳು ನೋಡಿ, ಸೊಸೆಯ ಕೈ ನೋಡಿ, ಮುಖ ಆ ಕಡೆ ಮಾಡಿದ. "ಅಂದಪ್ಪಗ ಗೊತ್ತಾದ್ರ ಸಭಿ ಒಡೀತೈತಿ ರೂತಿ. ನಾಳಿ ಒಂದಿನ ಸೈರಸು."

ಫಕೀರಮ್ಮ ನಿಂಬೆಹಣ್ಣು ಕಿತ್ತು ಪಕ್ಕಕ್ಕಿಟ್ಟು, ಹಲ್ಲು ಕಚ್ಚಿಕೊಂಡು ದ್ರಾಕ್ಷಿ ಕಿವುಚಿದಳು. ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು. ಅಷ್ಟು ನೋವು ತಿಂದದ್ದಾದರೂ ಯಾತಕ್ಕೆ? ಒಂದು ತೊಳೆದ ಕೈಯನ್ನು ಪಾತ್ರೆಯಿಂದ ದೂರ ಇಡುವುದಕ್ಕೆ. ಸೋಸಿದ ರಸವನ್ನು ಹೂಜಿಗೆ ತುಂಬಿ, ಮೇಲೆ ಬಿಳಿ ಬಟ್ಟೆ ಮುಚ್ಚಿ, ಅಡ್ಡ ಬಿದ್ದು ಪ್ರಾರ್ಥನೆ ಕೂಡ ಮಾಡಿದಳು.

ಭಾನುವಾರ ಪ್ರಾರ್ಥನೆ ಮನೆ ತುಂಬಿತು. ಮೇಲಿನ ಕೇರಿ ಮುಂದೆ ಚಾಪೆಯ ಮೇಲೆ, ಕೆಳಗಿನ ಕೇರಿ ಹಿಂದೆ ನೆಲದ ಮೇಲೆ. ಮೇಜಿನ ಮೇಲೆ ಎರಡು ಬಟ್ಟಲು.

"ಎರಡು ಯಾಕೆ?" ಎಂದು ಪಾದ್ರಿಗಳು ಮೆಲ್ಲಗೆ ಕೇಳಿದರು.

"ಮಂದಿ ಜಾಸ್ತಿ ಆಗ್ಯಾರ್ರಿ, ಜಲ್ದಿ ಮುಗೀಲಿ ಅಂತ," ಎಂದ ದಾನಿಯೇಲಪ್ಪ.

ಪಾದ್ರಿಗಳು ಮುಂದಿನ ಚಾಪೆ ನೋಡಿದರು, ಹಿಂದಿನ ನೆಲ ನೋಡಿದರು. ಅವರಿಗೆ ತಿಳಿಯದೆ ಏನಿಲ್ಲ. ಅವರಿಗೆ ಇಳಿಹೊತ್ತಿಗೆ ಅಳವಂಡಿ ಮುಟ್ಟಬೇಕಿತ್ತು, ಗಾಡಿಯ ಎತ್ತು ಕುಂಟುತ್ತಿತ್ತು. "ಆಗಲಿ," ಎಂದರು.

ದಾನಿಯೇಲಪ್ಪ ಅಂತಿಯೋಕ್ಯದ ಪ್ರಸಂಗ ಮಾಡಿದ. ಪೇತ್ರನನ್ನು ಅವನು ಬೈದ ರೀತಿಗೆ ಅಂದಪ್ಪನೇ ತಲೆದೂಗಿದ. ಉಪದೇಶವನ್ನು ಕಣ್ಣಿನ ಗೊಂಬೆಯಂತೆ ಕಾಯಬೇಕು ಎಂದು ಮುಗಿಸಿದಾಗ ಎಲ್ಲರೂ ಆಮೆನ್ ಅಂದರು.

ಎಲ್ಲರಿಗಿಂತ ಮೊದಲು ದೀಕ್ಷಾಸ್ನಾನ ಪಡೆದವರಿಗೆ ಮೊದಲ ಗುಟುಕು, ಇದು ಅಲ್ಲಿಯ ಪದ್ಧತಿ. ಮೋಶಪ್ಪ ಅಜ್ಜಿಯನ್ನು ಹೊತ್ತು ತಂದು ಮುಂದೆ ಕೂರಿಸಿದ್ದ. ಪಾದ್ರಿಗಳು ಬೆಳ್ಳಿ ಬಣ್ಣದ ಬಟ್ಟಲು ಚಾಚಿದರು. ಮುದುಕಮ್ಮ ಅದನ್ನು ಹಿಡಿಯದೆ ಹಿಂದಕ್ಕೆ ತಿರುಗಿದಳು.

"ರೂತಿ, ಬಾ. ದಿನಾ ಉಣಸಾಕಿ ನೀನ, ಇವತ್ತು ನೀನ ಹಿಡಿ," ಎಂದಳು.

ರೂತಮ್ಮ ಹಿಂದಿನ ನೆಲದಿಂದ ಎದ್ದು, ಹೊಟ್ಟೆಯ ಭಾರ ಹೊತ್ತು ಮುಂದೆ ಬಂದು ಬಟ್ಟಲು ಹಿಡಿದಳು.

"ಮೊದಲು ನೀ ಕುಡಿ," ಎಂದಳು ಮುದುಕಮ್ಮ, ಎಲ್ಲರಿಗೂ ಕೇಳುವಂತೆ. "ಬಸುರಿ ಬಿಟ್ಟು ನಾ ಕುಡಿಯಾಂಗಿಲ್ಲ."

ರಸ ಮೂಗಿನ ಹತ್ತಿರ ಬಂದಾಗ ರೂತಮ್ಮನಿಗೆ ಆ ಹಳದಿ ಬೆರಳು ನೆನಪಾಯಿತು. ಅತ್ತೆ ಮಾವನನ್ನು ಬಿಟ್ಟರೆ ಇಡೀ ಸಭೆಯಲ್ಲಿ ಆ ರಸಕ್ಕೆ ಹೇಸಲು ಕಾರಣವಿದ್ದವಳು ಅವಳೊಬ್ಬಳೇ. ಆದರೂ ಕುಡಿದಳು. ಮುದುಕಿಗೆ ಕುಡಿಸಿದಳು. ಮುಂದಿನ ಚಾಪೆಯ ಮೇಲೆ ಗುಸುಗುಸು ಎದ್ದಿತು. ಅಂದಪ್ಪ ಹೆಗಲ ವಸ್ತ್ರ ಕೊಡವಿ ಎದ್ದು ನಿಂತ.

ಬಟ್ಟಲು ಉಪದೇಶಿಯ ಕೈಗೆ ಬಂತು. ಅವನು ಅಂದಪ್ಪನ ಮುಖ ನೋಡಿದ. ಸೊಸೆ ಅವನ ಮುಖ ನೋಡುತ್ತಿದ್ದಳು. ಒಂದು ಗುಟುಕು ಅವನು ಹಾಗೇ ಕುಡಿದಿದ್ದರೆ ಅವಳ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು. ದಾನಿಯೇಲಪ್ಪ ಹೆಗಲ ವಸ್ತ್ರದ ಚುಂಗು ಹಿಡಿದು, ಅವಳ ತುಟಿ ತಾಗಿದ ಅಂಚನ್ನು ತಿರುಗಿಸಿ ತಿರುಗಿಸಿ ಒರೆಸಿ, ಆಮೇಲೆ ಕುಡಿದ.

ಅಂದಪ್ಪ ಕೂತ. "ಹಿಂಗ ಒರಸಿ ಕೊಟ್ರ ನಡೀತೈತಿ," ಎಂದು ಪಕ್ಕದವನಿಗೆ ಹೇಳಿದ್ದು ಪಾದ್ರಿಗಳಿಗೂ ಕೇಳಿಸಿತು. ಮೋಶಪ್ಪನೂ ಅಪ್ಪ ಒರೆಸಿ ಕೊಟ್ಟ ಬಟ್ಟಲಲ್ಲೇ ಕುಡಿದ. ಮೇಲಿನ ಕೇರಿಯ ಮಂದಿ ಫಕೀರಮ್ಮನ ಕೀವು ಬೆರೆತ ರಸವನ್ನು ಭಕ್ತಿಯಿಂದ ಕುಡಿದು ತುಟಿ ಚಪ್ಪರಿಸಿದರು. ಹಿತ್ತಾಳೆ ಬಟ್ಟಲು ಹಿಂದಕ್ಕೆ ಹೋಯಿತು. ಅಲ್ಲಿ ಕಳಕಪ್ಪ ಕುಡಿದು ಮುದುಕರಿಗೆ ಕೊಟ್ಟ, ಅವರು ಹೆಂಗಸರಿಗೆ ಕೊಟ್ಟರು. ಅಲ್ಲಿ ಯಾರೂ ಏನೂ ಒರೆಸಲಿಲ್ಲ.

ಮನೆಗೆ ಬಂದ ಮೇಲೆ ಮುದುಕಮ್ಮ ಮಗನನ್ನು ಕೇಳಿದಳು. "ಏನು ಒರಸಿದ್ಯೋ ಅದರಾಗ?"

"ಧೂಳ ಕೂತಿತ್ತು ಯವ್ವ."

"ನಾನೂ ಕುಡದೀನಿ. ನನಗ ಧೂಳ ಕಾಣಲಿಲ್ಲ."

ದಾನಿಯೇಲಪ್ಪನಿಗೆ ಸಭೆ ಒಡೆಯಲಿಲ್ಲ ಎಂಬುದೇ ದೊಡ್ಡ ಸಮಾಧಾನ. ಹೆಗಲ ವಸ್ತ್ರದಿಂದ ಒರೆಸುವುದು ಚೆಂದ ಕಾಣುವುದಿಲ್ಲವೆಂದು ಒಂದು ಬಿಳಿ ಬಟ್ಟೆ ಹೊಲಿಸಿದ. ಉಗುರುಸುತ್ತು ವಾಸಿಯಾದ ಬೆರಳಿನಿಂದ ಫಕೀರಮ್ಮನೇ ಅಂಚು ಮಡಚಿ ಹೊಲಿದಳು, ಮೂಲೆಗೆ ಕೆಂಪು ದಾರದ ಶಿಲುಬೆ ಹಾಕಿದಳು. ಬೇರೆ ಊರಿಗೆ ಬಂದಿದ್ದ ಪಾದ್ರಿಗಳಿಗೆ ಅದನ್ನು ಒಯ್ದು ತೋರಿಸಿದರೆ, ದೊಡ್ಡ ಗುಡಿಗಳಲ್ಲೂ ಹೀಗೆ ಒರೆಸುತ್ತಾರೆ, ಶುಚಿ ಒಳ್ಳೆಯದು ಎಂದರಂತೆ. ಶುಚಿ ಎಂಬ ಮಾತು ಬಹಳ ಹೇಸಿಗೆಗಳಿಗೆ ಮುಚ್ಚಳವಾಗುತ್ತದೆ. ಇನ್ನು ಎರಡು ಬಟ್ಟಲಿಗೆ ಒಂದು ಬಟ್ಟೆಯೂ ಸೇರಿ, ಚಿಕ್ಕಬೇವಿನಾಳದಲ್ಲಿ ಉಪದೇಶ ಸುರಕ್ಷಿತವಾಯಿತು.

ಮುಂಗಾರಿಗೆ ರೂತಮ್ಮ ಹೆಣ್ಣು ಹೆತ್ತಳು. ಬಾಣಂತನ ಮಾಡಿದ್ದು ಕೆಳಗಿನ ಕೇರಿಯಿಂದ ಬಂದ ಕಳಕಪ್ಪನ ಹೆಂಡತಿ. ಫಕೀರಮ್ಮ ಕೂಸನ್ನು ಎತ್ತಿಕೊಳ್ಳುತ್ತಿದ್ದಳು, ಮುದ್ದಿಸುತ್ತಿದ್ದಳು, ಸುಳ್ಳು ಹೇಳಬಾರದು. ಕೂಸು ತಾಯಿಯ ಹಾಲು ಕಕ್ಕಿದರೆ ಮಾತ್ರ ಸೆರಗು ಬದಲಿಸಿ ಬರುವಳು.

ಪಾದ್ರಿಗಳು ಮತ್ತೆ ಬರುವ ಹಿಂದಿನ ದಿನ. ಮರುದಿನ ಕೂಸಿಗೆ ದೀಕ್ಷಾಸ್ನಾನ. ಮೋಶಪ್ಪ ಯಲಬುರ್ಗಾದಿಂದ ಬಂದಿದ್ದ. ದಾನಿಯೇಲಪ್ಪ ಕಟ್ಟೆಯ ಮೇಲೆ ಕೂತು ಪ್ರಸಂಗ ಹೊಂದಿಸುತ್ತಿದ್ದ. ಫಕೀರಮ್ಮ ಪೆಟ್ಟಿಗೆಯಿಂದ ಬಿಳಿ ಬಟ್ಟೆ ತಂದು ಅಂಗಳದಲ್ಲಿ ಕೂತಿದ್ದ ಸೊಸೆಯ ಮುಂದೆ ಎಸೆದಳು.

"ಪೆಟ್ಟಿಗ್ಯಾಗ ಕೂತು ಮುಗ್ಗಲ ವಾಸನಿ ಹೊಡಿಯಾಕ್ಹತ್ತೈತಿ. ಸಬಕಾರ ಹಚ್ಚಿ ಒಗಿ. ಒಣಾಕೋದು ನಾ ಒಣಾಕ್ತೀನಿ."

ರೂತಮ್ಮನ ತೊಡೆಯ ಮೇಲಿದ್ದ ಕೂಸು ಆಗಷ್ಟೆ ಹೇತಿತ್ತು. ಅವಳು ಬಿಳಿ ಬಟ್ಟೆ ಎತ್ತಿಕೊಂಡಳು, ಮೂಲೆಯ ಶಿಲುಬೆ ನೋಡಿದಳು, ಮಡಚಿದಳು, ಮಗುವಿನ ಅಂಡು ಸ್ವಚ್ಛವಾಗಿ ಒರೆಸಿದಳು.

ದಾನಿಯೇಲಪ್ಪ ಕಟ್ಟೆಯಿಂದ ಹಾರಿ ಬಂದ. "ಏನ್ಮಾಡಿದಿ ಪಾಪಿ. ದೇವರ ಮೇಜಿನ ಬಟ್ಟಿ ಅದು."

"ದೇವರು ಯಾರ ಎಂಜಲಾ ಒರಿಸ್ಯಾನ್ರಿ ಮಾವ?" ಎಂದಳು ರೂತಮ್ಮ. ದನಿ ಏರಿಸಲಿಲ್ಲ. "ಇದು ನನ್ನ ಬಾಯಿ ಒರಸಾಕ ಹೊಲ್ದದ್ದು. ನನ್ನ ಮಗಳದೂ ಒರಿಸ್ತು. ಅಷ್ಟ."

"ನಾಳಿ ಪಾದ್ರಿಗೋಳಿಗೆ ಏನು ಹೇಳಲಿ ನಾ?"

"ನಾನ ಹೇಳ್ತೀನಿ. ನನ್ನ ಮಗಳ ದೀಕ್ಷಾಸ್ನಾನ ಕಳಕಪ್ಪನ ಅಂಗಳದಾಗ ಅಂತ. ಹಿತ್ತಾಳಿ ಬಟ್ಲದ ಮಂದಿ ಜೋಡಿ ಇರತಾಳ ಅಕಿ. ನಿಮ್ಮನ್ನ ಮೂರು ತಿಂಗಳ ಹಿಂದ ಕೇಳಿದ್ದೆ, ನೀವು ಹೇಳಲಿಲ್ಲ."

ಅವಳು ಎದ್ದು ಹಿತ್ತಲ ಕಟ್ಟೆಯ ಮೇಲಿದ್ದ ತಂಬಿಗೆ, ಗಂಗಾಳ ತಂದು ಗಂಟಿಗೆ ಹಾಕಿದಳು. ಮುದುಕಮ್ಮನ ಗಂಗಾಳ ಅಲ್ಲೇ ಉಳಿದದ್ದು ನೋಡಿ ಮುದುಕಿ ಮೂಲೆಯಿಂದ ಕೂಗಿದಳು.

"ನಂದ್ಯಾಕ ಬಿಟ್ಟೆವಾ? ಅದನ್ನೂ ತಗೋ. ಮೋಶ್ಯಾ, ನನ್ನ ಎತ್ತು."

ಮೋಶಪ್ಪ ಅಪ್ಪನ ಮುಖ ನೋಡಿದ, ಅವ್ವನ ಮುಖ ನೋಡಿದ. ಫಕೀರಮ್ಮ ಅವನ ತೋಳು ಹಿಡಿದಳು. "ನೀ ಒಳ್ಳೆ ಮಗ ಅದಿಯಪ್ಪ, ಒಳಗ ನಡಿ."

ಅವನು ಕೈ ಬಿಡಿಸಿಕೊಂಡ. ಬಾಗಿ ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡ. ಮುದುಕಿಯ ಜೊಲ್ಲು ಅವನ ಹೆಗಲ ಮೇಲೆ ಇಳಿಯಿತು, ಅವನು ಅದನ್ನು ಹಾಗೇ ಬಿಟ್ಟ.

ದಾನಿಯೇಲಪ್ಪ ಬಾಗಿಲಿಗೆ ಅಡ್ಡ ನಿಂತ. ಅವನ ದನಿ ಈಗ ಮೆತ್ತಗಾಗಿತ್ತು. "ಯವ್ವ, ಊರಾಗ ಮೊದಲ ದೀಕ್ಷಾ ತಗೊಂಡಾಕಿ ನೀನು. ನೀನ ಎದ್ದು ಹೋದ್ರ ಸಭಿ ಏನಂದೀತು?"

"ಏನೂ ಅನ್ನಂಗಿಲ್ಲ," ಎಂದಳು ಮುದುಕಮ್ಮ ಮೊಮ್ಮಗನ ಬೆನ್ನ ಮೇಲಿನಿಂದ. "ಒರಸಿಕೊಂತೈತಿ ಬಿಡು."

ಅವನನ್ನು ದಾಟಿಕೊಂಡು ಅವರು ಕೆಳಗಿನ ಕೇರಿಯ ಇಳಿಜಾರು ಇಳಿದು ಹೋದರು. ಅಂಗಳದಲ್ಲಿ ಬಿದ್ದ ಬಟ್ಟೆಯನ್ನು ಆ ಸಂಜೆ ಯಾರೂ ಮುಟ್ಟಲಿಲ್ಲ. ದಾನಿಯೇಲಪ್ಪ ಉಣ್ಣಲಿಲ್ಲ. ಬೆಳಿಗ್ಗೆ ಪಾದ್ರಿಗಳ ಗಾಡಿಯ ಗಂಟೆ ದೂರದಲ್ಲಿ ಕೇಳಿಸಿದಾಗ ಅವನು ಒಳಗೆ ಹೋಗಿ ತನ್ನ ಹೊಸ ಧೋತರದ ತುದಿ ಹರಿದು ತಂದ. ಫಕೀರಮ್ಮ ಸೂಜಿಗೆ ದಾರ ಪೋಣಿಸಿ, ಅಂಚು ಮಡಚಿ ಹೊಲಿಯಲು ಕೂತಳು.